ಹೊಕಿಟಿಕಾದಲ್ಲಿ ನೀರು ತುಂಬುವ ಹಬ್ಬ

ಹೊರಡುವ ಮುಂಚೆ: ತ್ಯಾಗರಾಜನಗರ

ನ್ಯೂಜಿಲೆಂಡಿಗೆ ಹೋಗಿ ಬಂದವರು ಹಿಮದ ಬೆಟ್ಟ, ನೀಲಿ ಕೆರೆ, ಕುರಿ, ಇವುಗಳ ಬಗ್ಗೆ ಬರೆಯುತ್ತಾರೆ. ನಾನು ಆ ದೇಶದಲ್ಲಿ ಅತಿ ಹೆಚ್ಚು ಹೊತ್ತು ನೋಡಿದ್ದು ಒಂದು ಪ್ಲಗ್ ಪಾಯಿಂಟನ್ನು. ಬಿಳಿ ಬಣ್ಣದ್ದು, ನೆಲದಿಂದ ಒಂದು ಮೊಳ ಎತ್ತರದಲ್ಲಿತ್ತು. ಅದರ ಪಕ್ಕದ ಗೋಡೆಯ ಬಿರುಕು ಎಡಕ್ಕೆ ಹೊರಳಿ ಕಿಟಕಿಯವರೆಗೆ ಹೋಗಿತ್ತು. ಬೇಕಾದರೆ ಈಗಲೂ ಚಿತ್ರ ಬರೆದು ತೋರಿಸುತ್ತೇನೆ.

ನನ್ನ ಹೆಂಡತಿ ಸುಧಾಗೆ ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವ ತೊಂದರೆ. ನಾಲ್ಕು ವರ್ಷದಿಂದ ಮಲಗುವಾಗ ಮೂಗಿಗೆ ಮಾಸ್ಕ್ ಹಾಕಿಕೊಳ್ಳುತ್ತಾಳೆ. ಮಾಸ್ಕಿನಿಂದ ಒಂದು ಉದ್ದನೆಯ ಕೊಳವೆ, ಅದರ ತುದಿಗೆ ಹಳೆಯ ಟ್ರಾನ್ಸಿಸ್ಟರ್ ಗಾತ್ರದ ಒಂದು ಮಷೀನು. ಬೆಳಗಿನ ತನಕ ಅದು ಗಾಳಿ ಊದುತ್ತಿರುತ್ತದೆ, ಕರೆಂಟ್ ಇದ್ದರೆ. ಒಮ್ಮೆ ಹಾಸನದಲ್ಲಿ ಹೋಟೆಲಿನ ಕರೆಂಟ್ ಹೋಗಿ, ಜನರೇಟರ್ ಶುರುವಾಗದೆ, ಅವಳು ಉಸಿರು ಕಟ್ಟಿ ಎದ್ದು ಕೂತಳು. ಅಲ್ಲಿಂದಾಚೆಗೆ ಹೋಟೆಲು ಬಂದ್. ನೆಂಟರ ಮನೆ ಅದಕ್ಕೆ ಮುಂಚೆಯೇ ಬಂದ್ ಆಗಿತ್ತು, ಮಾಸ್ಕ್ ಹಾಕಿದ ಮುಖವನ್ನು ಯಾರೂ ನೋಡಬಾರದು ಎಂದು. ಮೈಸೂರಿನಲ್ಲಿ ಅವಳ ತಂಗಿಯ ಮಗಳ ಮದುವೆ ನಡೆದಾಗಲೂ ಆರತಕ್ಷತೆ ಮುಗಿಸಿ ಅದೇ ಕಾರಿನಲ್ಲಿ ಬಂದುಬಿಟ್ಟೆವು.

ಮನೆಯಲ್ಲಿ ಅವಳ ಮಷೀನಿಗೆಂದೇ ಬೇರೆ ಯುಪಿಎಸ್ ಇಟ್ಟಿದ್ದೇವೆ. ಅದರ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕುವುದು, ಟರ್ಮಿನಲ್ ಒರೆಸುವುದು, ಹಸಿರು ದೀಪ ನೋಡುವುದು ನನ್ನ ಕೆಲಸ. ಸುಧಾ ಮಾಸ್ಕ್ ಹಾಕಿಕೊಳ್ಳುವ ಮುಂಚೆ ಒಂದೇ ಮಾತು ಕೇಳುತ್ತಾಳೆ: "ಇದೆಯಾ?" ನಾನು "ಇದೆ" ಅನ್ನುತ್ತೇನೆ. ಅವಳು ಕಣ್ಣು ಮುಚ್ಚುತ್ತಾಳೆ. ಬ್ಯಾಂಕಿನಲ್ಲಿ ಇಪ್ಪತ್ತಾರು ವರ್ಷ ಕೆಲಸ ಮಾಡಿದ್ದರೂ ನನ್ನ ಒಂದು ಮಾತನ್ನು ಅಷ್ಟು ನಂಬಿದವರು ಇನ್ನೊಬ್ಬರಿಲ್ಲ.

ಅಂಥವಳು ಒಂದು ದಿನ ಫೋನಿನಲ್ಲಿ ವಿಡಿಯೊ ನೋಡುತ್ತಾ, ನ್ಯೂಜಿಲೆಂಡಿನಲ್ಲಿ ಗಾಡಿಯೊಳಗೇ ಮನೆ ಮಾಡಿಕೊಂಡು ಊರೂರು ಸುತ್ತುವ ಗಂಡ ಹೆಂಡತಿಯನ್ನು ತೋರಿಸಿದಳು. "ಇದ್ರಲ್ಲಿ ಬೇರೆ ಬ್ಯಾಟರಿ ಇರುತ್ತಂತೆ ರೀ. ಊರಿನ ಕರೆಂಟ್ ಹೋದ್ರೂ ನಮ್ಮದು ನಮಗೆ. ಬಾಗಿಲು ಹಾಕ್ಕೊಂಡ್ರೆ ಯಾರಿಗೂ ಕಾಣಲ್ಲ." ನಾಲ್ಕು ವರ್ಷದಲ್ಲಿ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ. ನಾನು ಹೂಂ ಅಂದೆ. ಅಂದವನು ಮೂರು ತಿಂಗಳು ನಿದ್ದೆಗೆಟ್ಟೆ.

ಹೊರಡುವ ವಾರ, ನಮ್ಮ ಯುಪಿಎಸ್ ಹಾಕಿಕೊಟ್ಟ ಪದ್ಮನಾಭನಗರದ ಚಂದ್ರಣ್ಣನ ಅಂಗಡಿಗೆ ಹೋಗಿ ಒಂದು ಗಂಟೆ ತಲೆ ತಿಂದೆ. ಅವರು ಕೊನೆಗೆ ಹೇಳಿದ್ದಿಷ್ಟು: "ಸಾರ್, ಬ್ಯಾಟರಿಗೆ ನೀರು ಒಳಗಡೆ ಇರ್ಬೇಕು, ಹೊರಗಡೆ ಇರ್ಬಾರ್ದು. ಮಿಕ್ಕಿದ್ದು ದೇವರಿಗೆ ಬಿಡಿ." ದೇವರ ಮೇಲೆ ಅಷ್ಟೊಂದು ಭಾರ ಹಾಕುವುದು ಸರಿಯಲ್ಲವೆಂದು ಮಿಕ್ಕಿದ್ದನ್ನೂ ನಾನೇ ವಹಿಸಿಕೊಂಡೆ.

ಕ್ರೈಸ್ಟ್‌ಚರ್ಚ್

ಬಾಡಿಗೆಗೆ ಗಾಡಿ ಕೊಟ್ಟವನು ಬರಿಗಾಲಿನಲ್ಲಿದ್ದ. ಆ ದೇಶದಲ್ಲಿ ಜನ ಬರಿಗಾಲಿನಲ್ಲಿ ತರಕಾರಿ ಅಂಗಡಿಗೂ ಹೋಗುತ್ತಾರೆ. ಮನೆಯೊಳಗೆ ಮಾತ್ರ ಬೂಟು ಹಾಕಿಕೊಂಡು ಓಡಾಡುವವರನ್ನೂ ಕಂಡೆ. ಸುಧಾ ಗಾಡಿಯ ಮೆಟ್ಟಿಲ ಹತ್ತಿರ ಚಪ್ಪಲಿ ಬಿಟ್ಟು, ಬಲಗಾಲಿಟ್ಟು ಒಳಗೆ ಹೋದಳು. ಒಲೆ, ಸಿಂಕು, ಮಂಚ, ಬೀರುವಿನಷ್ಟು ಅಗಲದ ಒಂದು ಬಚ್ಚಲು. ಅವಳು ಪರದೆ ಎಳೆದು ನೋಡಿದಳು, ಮತ್ತೆ ಬಿಟ್ಟಳು, ಮತ್ತೆ ಎಳೆದಳು. ಹೊಸ ಮನೆಗೆ ಬಂದವರ ಹಾಗೆ ಮುಖ ಅರಳಿತ್ತು.

ಅವನು ಬೆಂಚಿನ ಮೆತ್ತೆ ಎತ್ತಿ ತೋರಿಸಿದ. ಕೆಳಗೆ, ನೆಲದ ಮೇಲೆಯೇ, ಬ್ಯಾಟರಿ. ಪಕ್ಕದಲ್ಲಿ ಅದನ್ನು ಚಾರ್ಜ್ ಮಾಡುವ ಪೆಟ್ಟಿಗೆ, ಅದರ ಪಕ್ಕ ಫ್ಯೂಸುಗಳು. ಎಂಜಿನ್ನಿಗೆ ಬೇರೆ ಬ್ಯಾಟರಿ, ಇದು ಬರೀ ಮನೆಯದು. ಗಾಡಿ ಓಡುವಾಗ ಇದು ತುಂಬಿಕೊಳ್ಳುತ್ತದೆ, ನಿಂತಾಗ, ಇಂಥ ಗಾಡಿಗಳು ತಂಗುವ ಕ್ಯಾಂಪಿನ ಕರೆಂಟ್ ಕಂಬದಿಂದ ವಯರು ಎಳೆದು ಗಾಡಿಯ ಪಕ್ಕೆಯ ಕಿಂಡಿಗೆ ಸಿಕ್ಕಿಸಬೇಕು. ಎಲ್ಲ ತೋರಿಸಿ, ಇದಕ್ಕೆ ನೀರು ಮಾತ್ರ ತಾಗಬಾರದು ಎಂದ. ಅವನು ಹಾಗೆ ಹೇಳುವಾಗ ನಾನು ನೋಡುತ್ತಿದ್ದುದು ಹೊರಗಿನ ಕಿಂಡಿಯನ್ನು. ಅದರ ಮುಚ್ಚಳದ ಸ್ಪ್ರಿಂಗು ಸಡಿಲವಾಗಿತ್ತು. ನೀರು ಅಂದರೆ ಮಳೆ, ಮಳೆ ಅಂದರೆ ಆ ಮುಚ್ಚಳ: ನನ್ನ ತಲೆ ಅಲ್ಲಿಗೆ ಅಂಟಿಕೊಂಡಿತು.

ಆರ್ಥರ್ಸ್ ಪಾಸ್

ಎರಡನೇ ದಿನ ಬೆಟ್ಟದ ಮೇಲೆ ಮಳೆ. ನಮ್ಮ ಜಯನಗರದ ಮಳೆ ಸಿಟ್ಟಿನಲ್ಲಿ ಬಂದು ಅರ್ಧ ಗಂಟೆಯಲ್ಲಿ ಅಂಡರ್‌ಪಾಸ್ ತುಂಬಿಸಿ ಹೋಗುತ್ತದೆ. ಇಲ್ಲಿಯದು ಸರ್ಕಾರಿ ಕೆಲಸದವರ ಹಾಗೆ, ಆತುರವಿಲ್ಲದೆ, ಬಿಡುವೂ ಇಲ್ಲದೆ.

ನಾನು ಸಿದ್ಧನಾಗಿಯೇ ಬಂದಿದ್ದೆ. ಮನೆಯಿಂದ ತೊಳೆದು ಒಣಗಿಸಿದ ಹಾಲಿನ ಕವರು ಹನ್ನೆರಡು, ಟೇಪು ಎರಡು ಸುರುಳಿ, ಹಳೆಯ ಟವೆಲು, ತಲೆಗೆ ಹಾಕುವ ಶವರ್ ಕ್ಯಾಪು. ವಯರು ಸಿಕ್ಕಿಸಿ, ಕಿಂಡಿಗೆ ಹಾಲಿನ ಕವರು ಸುತ್ತಿ, ಅದರ ಮೇಲೆ ಕ್ಯಾಪು ತೊಡಿಸಿದೆ. ಸುಧಾ ಕಿಟಕಿಯಿಂದ ನೋಡುತ್ತಿದ್ದಳು.

"ಬಾಣಂತಿಗೆ ಕಿವಿ ಕಟ್ಟಿದ ಹಾಗಿದೆ ರೀ. ಒಂಚೂರು ಬಜೆ ಸುಟ್ಟು ಇಡ್ಲಾ?"

ಬೆಳಿಗ್ಗೆ ಎದ್ದು ನೋಡಿದರೆ ಕ್ಯಾಪು ಇಲ್ಲ. ಆ ಬೆಟ್ಟದಲ್ಲಿ ಕಿಯಾ ಎಂಬ ಗಿಣಿಯಿದೆ. ಕೋಳಿಯಷ್ಟು ದಪ್ಪ, ನಂದಿಬೆಟ್ಟದ ಕೋತಿಯ ಬುದ್ಧಿ. ಒಂದು ಗಿಣಿ ಎದುರಿನ ಬೇಲಿಯ ಮೇಲೆ ಕೂತು ನನ್ನ ಶವರ್ ಕ್ಯಾಪನ್ನು ಕಾಲಲ್ಲಿ ಹಿಡಿದು ಹರಿಯುತ್ತಿತ್ತು. ನಾನು ಹಚಾ ಅಂದೆ. ಅದು ಕನ್ನಡ ಬಾರದ ಮುಖ ಮಾಡಿ ಹರಿಯುವುದನ್ನು ಮುಂದುವರಿಸಿತು. ಸುಧಾ ನಕ್ಕು ನಕ್ಕು ಮೆಟ್ಟಿಲ ಮೇಲೆಯೇ ಕೂತುಬಿಟ್ಟಳು. ಎರಡು ರಾತ್ರಿ ಚೆನ್ನಾಗಿ ನಿದ್ದೆ ಮಾಡಿದ್ದಳು. ಪರದೆ ಎಳೆದು, "ಇದೆಯಾ?" ಕೇಳಿ, ನಾನು ಬೆಂಚಿನ ಮೇಲಿನ ಬ್ಯಾಟರಿ ದೀಪ ನೋಡಿ "ಇದೆ" ಎಂದ ಮೇಲೆ ಬೆಳಗಿನವರೆಗೂ. ಆ ಪ್ರವಾಸದಲ್ಲಿ ಚೆನ್ನಾಗಿ ನಡೆದದ್ದು ಅಷ್ಟು. ಬರೆದಿಟ್ಟರೆ ಇರುತ್ತದೆಂದು ಬರೆದೆ.

ಹೊಕಿಟಿಕಾ: ನೀರು ತುಂಬುವ ಹಬ್ಬ

ನಾಲ್ಕನೇ ದಿನ ಸಮುದ್ರದ ದಂಡೆಯ ಹೊಕಿಟಿಕಾಗೆ ಬಂದೆವು. ಅವರಿಗೆ ಮೂರು ದಿನದ ಸಾಲು ರಜೆ. ಕ್ಯಾಂಪು ತುಂಬಿ, ಕೊನೆಯ ಹುಲ್ಲಿನ ಜಾಗ ನಮಗೆ ಸಿಕ್ಕಿತು. ಕ್ಯಾಂಪು ನೋಡಿಕೊಳ್ಳುವ ಮಾರ್ಗಿ ಎಂಬ ಹೆಂಗಸು ಸುರಿಯುವ ಮಳೆಯಲ್ಲಿ ಚಡ್ಡಿ ಹಾಕಿಕೊಂಡು, ಕೊಡೆಯಿಲ್ಲದೆ, ಇವತ್ತು ಹವೆ ಪರವಾಗಿಲ್ಲ ಎಂದು ಸ್ವಾಗತಿಸಿದಳು.

ಪಕ್ಕದ ಗಾಡಿಯ ಮುದುಕ ಕೀತ್ ನನ್ನ ಹಾಲಿನ ಕವರು ಸುತ್ತುವ ಕಾರ್ಯಕ್ರಮವನ್ನು ಮೊದಲಿಂದ ಕೊನೆಯವರೆಗೆ ನೋಡಿದ. ಆಮೇಲೆ ಹತ್ತಿರ ಬಂದು, ವಯರನ್ನು ಎಳೆದು ಬಿಗಿ ಮಾಡಬೇಡ, ಕಿಂಡಿಗಿಂತ ಕೆಳಕ್ಕೆ ಜೋಲಲು ಬಿಡು, ಹನಿ ಜಾರಿ ಅಲ್ಲೇ ಬೀಳುತ್ತದೆ ಎಂದ. ಹೀಗೆ ಉಸಿರಾಡದಂತೆ ಸುತ್ತಿದರೆ ಒಳಗೇ ಬೆವರುತ್ತದೆ ಎಂದೂ ಹೇಳಿದ. ನಲವತ್ತು ವರ್ಷ ಗಾಡಿಯಲ್ಲಿ ತಿರುಗಿದವನಂತೆ. ನಾನು ತಲೆಯಾಡಿಸಿ, ವಯರು ಜೋಲು ಬಿಟ್ಟೆ. ಕವರು ಮಾತ್ರ ಬಿಚ್ಚಲಿಲ್ಲ.

ಅಂದು ನಮ್ಮಲ್ಲಿ ನೀರು ತುಂಬುವ ಹಬ್ಬ. ಮಾರನೆಯ ಬೆಳಿಗ್ಗೆ ದೀಪಾವಳಿಯ ಎಣ್ಣೆ ಸ್ನಾನ. ನನ್ನಮ್ಮ ಹಿಂದಿನ ಸಂಜೆ ಹಂಡೆ ಬೆಳಗಿ, ಸುಣ್ಣದ ಗೆರೆ ಎಳೆದು, ಕತ್ತಿಗೆ ಹಾಗಲಬಳ್ಳಿ ಸುತ್ತಿ ಕಂಠಮಟ್ಟ ನೀರು ತುಂಬಿಸುತ್ತಿದ್ದಳು. ಹಂಡೆ ಹೋಗಿ ಗೀಸರ್ ಬಂತು, ನಾವು ಬಕೆಟ್ಟಿಗೆ ಕುಂಕುಮ ಇಟ್ಟು ತುಂಬಿಸಿಡುತ್ತೇವೆ. ಸುಧಾ ಹೇಳಿದಳು, ಈ ವರ್ಷ ಬಿಡಿ ರೀ, ಗಾಡಿಯಲ್ಲಿ ಎಂಥ ಹಬ್ಬ ಎಂದು. ಬಿಡಬಹುದಿತ್ತು. ಆದರೆ ನನಗೆ ಹಬ್ಬ ಬಿಟ್ಟರೆ ಏನಾದರೂ ಆದೀತೆಂಬ ಭಯ. ಮದುವೆಯಾದಾಗಿನಿಂದ ಒಂದು ವರ್ಷವೂ ಬಿಟ್ಟಿಲ್ಲ. ಬಿಟ್ಟ ವರ್ಷವೇ ಅವಳ ಮಷೀನಿಗೆ ಏನಾದರೂ ಆದರೆ?

ಹಾರ್ಡ್‌ವೇರ್ ಅಂಗಡಿಯಿಂದ ಇಪ್ಪತ್ತು ಲೀಟರಿನ ಬಕೆಟ್ ತಂದೆ. ಸೀಮೆಸುಣ್ಣದ ಗೆರೆ, ಕುಂಕುಮ. ಹಾಗಲಬಳ್ಳಿಗೆ ಬದಲು ಬೇಲಿಯ ಪಕ್ಕದ ಬಿಳಿ ಹೂವು. ಬಕೆಟ್ಟು ಬಚ್ಚಲ ಬಾಗಿಲಲ್ಲಿ ಹಿಡಿಸಲಿಲ್ಲ. ಬೆಂಚಿನ ಪಕ್ಕ ನೆಲದ ಮೇಲಿಟ್ಟು ತುಂಬಿಸಿದೆ. ಅರ್ಧ ತುಂಬಿಸಬಾರದು, ಅಂಚಿನವರೆಗೂ ತುಂಬಿಸಿದೆ. ಸುಧಾ ಕೈಮುಗಿದು, ಪಾತ್ರೆ ತೊಳೆಯಲು ಕ್ಯಾಂಪಿನ ಅಡಿಗೆಮನೆಗೆ ಹೋದಳು.

ಆಗ ಮಾರ್ಗಿ ಬಂದು ಕಿಟಕಿ ತಟ್ಟಿದಳು. ನಮ್ಮ ಜಾಗದ ಹುಲ್ಲು ಕೆಸರಾಗುತ್ತಿದೆ, ಬೆಳಿಗ್ಗೆಗೆ ಚಕ್ರ ಹೂತುಹೋಗುತ್ತದೆ, ಆಚೆಯ ಜಲ್ಲಿ ಹಾಕಿದ ಜಾಗ ಈಗಷ್ಟೇ ಖಾಲಿಯಾಗಿದೆ, ಅಲ್ಲಿಗೆ ಗಾಡಿ ಸರಿಸಿಕೊಳ್ಳಿ ಎಂದಳು. ಐವತ್ತು ಹೆಜ್ಜೆ ದೂರ.

ಗಾಡಿ ಹೊರಡಿಸುವ ಮುಂಚೆ ನೋಡಬೇಕಾದ ಹದಿನಾಲ್ಕು ಅಂಶಗಳನ್ನು ನಾನು ಬೆಂಗಳೂರಿನಲ್ಲೇ ಪುಸ್ತಕದಲ್ಲಿ ಬರೆದುಕೊಂಡಿದ್ದೆ. ಒಂದೊಂದಕ್ಕೂ ಟಿಕ್ ಹಾಕಿದೆ. ಗ್ಯಾಸು ಬಂದ್, ಕಿಟಕಿ ಬಂದ್, ಫ್ರಿಜ್ಜಿನ ಚಿಲಕ, ವಯರು ಸುತ್ತಿ ಟವೆಲಲ್ಲಿ ಒರೆಸಿ ಒಳಗೆ. ಹದಿನಾಲ್ಕೂ ಸರಿಯಾಗಿತ್ತು. ಪಟ್ಟಿ ಬರೆದಾಗ ಬಕೆಟ್ ಇರಲಿಲ್ಲ.

ತಿರುವಿನಲ್ಲಿ ಚಕ್ರ ಒಂದು ಮರದ ದಿಮ್ಮಿ ಹತ್ತಿ ಇಳಿಯಿತು. ಹಿಂದೆ ಏನೋ ಧಡ್ ಎಂದಿತು. ಕೆಟಲ್ ಬಿದ್ದಿರಬೇಕು ಅಂದುಕೊಂಡೆ. ಹೊಸ ಜಾಗದಲ್ಲಿ ನಿಲ್ಲಿಸಿ, ಮಳೆಗೆ ಬೆನ್ನು ಕೊಟ್ಟು, ವಯರು ಸಿಕ್ಕಿಸಿದೆ. ಕೀತ್ ಹೇಳಿದಂತೆ ಜೋಲು ಬಿಟ್ಟೆ. ಹೊಸ ಹಾಲಿನ ಕವರು, ಟೇಪು. ಒಂದು ಹನಿ ಒಳಗೆ ಹೋಗಲಾರದು. ನನ್ನ ಕೆಲಸ ನೋಡಿ ನನಗೇ ಮೆಚ್ಚುಗೆಯಾಯಿತು. ಕಂಬದ ಸ್ವಿಚ್ ಒತ್ತಿದೆ. ಆಮೇಲೆ ಗಾಡಿಯ ಬಾಗಿಲು ತೆಗೆದೆ.

ಮೆಟ್ಟಿಲಿಂದ ನೀರು ಇಳಿದು ನನ್ನ ಕಾಲ ಮೇಲೆ ಬಂತು. ತಿಳಿಗೆಂಪಾಗಿತ್ತು, ಜೊತೆಗೆ ಒಂದು ಬಿಳಿ ಹೂವು. ಒಳಗೆ ಬೆಂಚಿನ ಕೆಳಗೆ ಚಟ್ ಚಟ್ ಎಂಬ ಸದ್ದು, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ಆಮೇಲೆ ಎಲ್ಲ ದೀಪಗಳೂ ಆರಿದವು. ಸ್ವಿಚ್ ಒತ್ತುವ ಮುಂಚೆ ಒಂದೇ ಒಂದು ಸಲ ಒಳಗೆ ತಲೆ ಹಾಕಿದ್ದರೆ ಒರೆಸಿ ಒಣಗಿಸಬಹುದಿತ್ತು. ಹಾಕಲಿಲ್ಲ. ನಾನು ಹೊರಗೆ ಮಳೆಯನ್ನು ಕಾಯುತ್ತಿದ್ದೆ.

ಸುಧಾ ತೊಳೆದ ತಟ್ಟೆಗಳನ್ನು ಎದೆಗೆ ಅವಚಿಕೊಂಡು ಬಂದಳು. ಮೂಸಿ ನೋಡಿದಳು. ಉರುಳಿ ಬಿದ್ದ ಬಕೆಟ್ಟನ್ನು ನೋಡಿದಳು.

"ತುಂಬಿದ ಬಕೆಟ್ ಒಳಗಿಟ್ಕೊಂಡು ಗಾಡಿ ಓಡಿಸಿದ್ರಾ?"

ಹೂಂ ಅಂದೆ. ಅವಳು ತಟ್ಟೆಗಳನ್ನು ಒದ್ದೆ ನೆಲದಲ್ಲಿ ಎಲ್ಲಿಡುವುದೆಂದು ತಿಳಿಯದೆ ಹಿಡಿದುಕೊಂಡೇ ನಿಂತಿದ್ದಳು.

ಚಂದ್ರಣ್ಣನಿಗೆ ವಿಡಿಯೊ ಕಾಲ್ ಮಾಡಿದೆ. ಪದ್ಮನಾಭನಗರದಲ್ಲಿ ಆಗಷ್ಟೇ ಅಂಗಡಿಯ ಷಟರ್ ಎತ್ತುತ್ತಿದ್ದರು. ಮೊದಲು ಕಂಬದ ಸ್ವಿಚ್ ಆಫ್ ಮಾಡಿಸಿದರು. ಮೆತ್ತೆ ಎತ್ತಿ ಪೆಟ್ಟಿಗೆ ತೋರಿಸಿದೆ. ಅವರು ಫೋನನ್ನು ಕಣ್ಣಿನ ಹತ್ತಿರಕ್ಕೆ ತಂದು ನೋಡಿದರು.

"ಚಾರ್ಜರ್ ಹೋಯ್ತು ಸಾರ್. ಫ್ಯೂಸ್ ಬೋರ್ಡೂ ಹೋಯ್ತು. ಕೈ ಹಾಕ್ಬೇಡಿ. ಇಲ್ಲೇ ಇದ್ದಿದ್ರೆ ಹತ್ತು ನಿಮಿಷಕ್ಕೆ ಬಂದ್ಬಿಡ್ತಿದ್ದೆ. ಎಲ್ಲಿದೀರ ಅಂದ್ರಿ?"

ಗಾಡಿ ಕೊಟ್ಟವರಿಗೆ ಫೋನ್ ಮಾಡಿದರೆ ರಜೆ ಮುಗಿಯದೆ ಯಾರೂ ಬರುವಂತಿಲ್ಲ, ಅಲ್ಲಿಯವರೆಗೆ ಗಾಡಿಯಲ್ಲಿ ಕರೆಂಟ್ ಬಳಸಬೇಡಿ ಎಂದರು. ಬಳಸಲು ಇದ್ದರೆ ತಾನೆ. ಡ್ರೈವರ್ ಸೀಟಿನ ಪಕ್ಕದ ಚಾರ್ಜಿಂಗ್ ಕಿಂಡಿಗೂ ಜೀವವಿರಲಿಲ್ಲ. ಒಳಗೆ ನೀರು ಹೇಗೆ ಬಂತೆಂದು ಫೋನ್ ಎತ್ತಿದ್ದ ಹುಡುಗಿ ಕೇಳಿದಳು. ನಾಳೆಯ ಸ್ನಾನಕ್ಕೆ ಇವತ್ತೇ ನೀರು ತುಂಬಿಸಿಡುವ ಹಬ್ಬ ಎಂದೆ. ಯಾಕೆ, ನಾಳೆ ನಲ್ಲಿಯಲ್ಲಿ ನೀರು ಬರುವುದಿಲ್ಲವೆ ಎಂದು ಅವಳು ನಿಜವಾದ ಕಾಳಜಿಯಿಂದ ವಿಚಾರಿಸಿದಳು. ದಿನ ಬಿಟ್ಟು ದಿನ ಕಾವೇರಿ ನೀರು ಬರುವ ಊರಿನವನು ನಾನು. ಬರುತ್ತದೆ ಎಂದು ಒಪ್ಪಿಕೊಂಡೆ.

ಕ್ಯಾಂಪಿನ ಕೋಣೆಗಳು ಭರ್ತಿ. ಊರಿನ ಹೋಟೆಲುಗಳೂ ಭರ್ತಿ. ಮಾರ್ಗಿಯೇ ಐದಾರು ಕಡೆ ಫೋನ್ ಮಾಡಿ ನೋಡಿದಳು. ಕಂಬದ ಕಿಂಡಿಗೆ ಅವಳ ಮಷೀನಿನ ಪ್ಲಗ್ ಹಿಡಿಸದು, ಮಾಮೂಲಿ ಪ್ಲಗ್ ಪಾಯಿಂಟ್ ಇದ್ದದ್ದು ಎಲ್ಲರೂ ಕೂರುವ ಹಾಲಿನಲ್ಲಿ ಮಾತ್ರ. ಸುಧಾ ಬೇಡ ಎಂದಳು. "ಒಂದು ರಾತ್ರಿ ತಾನೆ, ಕೂತೇ ಇರ್ತೀನಿ." ಮುಂದಿನ ಸೀಟಿನಲ್ಲಿ ಶಾಲು ಹೊದ್ದು ಕೂತೇ ಇದ್ದಳು. ಅಂದು ಅವಳು "ಇದೆಯಾ?" ಎಂದು ಕೇಳಲಿಲ್ಲ.

ಹೊಕಿಟಿಕಾ: ದೀಪಾವಳಿ

ಬೆಳಿಗ್ಗೆಗೆ ಅವಳ ಮುಖ ಊದಿಕೊಂಡಿತ್ತು. ತಲೆನೋವು, ಮಾತು ತೊದಲು. ಕಾಫಿಗೆ ಸಕ್ಕರೆ ಎರಡು ಸಲ ಹಾಕಿದಳು. ಎಣ್ಣೆಯ ಬಾಟಲಿ ಪೆಟ್ಟಿಗೆಯಲ್ಲೇ ಇತ್ತು. ಹತ್ತು ಗಂಟೆಯ ಹೊತ್ತಿಗೆ ಕೂತಲ್ಲೇ ಕಣ್ಣು ಮುಚ್ಚಿ, ಗಂಟಲಲ್ಲಿ ಉಸಿರು ಸಿಕ್ಕಿ, ಬೆಚ್ಚಿ ಏಳತೊಡಗಿದಳು. ನಾನು ಮಷೀನಿನ ಚೀಲ ಎತ್ತಿಕೊಂಡೆ.

ಮಳೆಯಿಂದಾಗಿ ಕ್ಯಾಂಪಿನ ಅರ್ಧ ಜನ ಹಾಲಿನಲ್ಲಿದ್ದರು. ನಡುವಿನ ಮೇಜಿನ ಮೇಲೆ ಒಂದು ದೊಡ್ಡ ಜೋಡಿಸುವ ಚಿತ್ರ, ಸಾವಿರ ತುಂಡಿನದು. ಅಲ್ಲಿ ಎಲ್ಲ ಕ್ಯಾಂಪುಗಳಲ್ಲೂ ಇದಿರುತ್ತದೆ: ಯಾರೋ ಶುರು ಮಾಡಿರುತ್ತಾರೆ, ಹೋಗಿಬರುವವರು ಒಂದೆರಡು ತುಂಡು ಕೂಡಿಸಿ, ಮುಗಿಯುವುದನ್ನು ನೋಡದೆ ಊರು ಬಿಡುತ್ತಾರೆ. ನಮ್ಮಲ್ಲಾದರೆ ಮೊದಲ ದಿನವೇ ನಾಲ್ಕು ತುಂಡು ಕಳೆದಿರುತ್ತಿತ್ತು, ಐದು ಜನ ಮೇಲ್ವಿಚಾರಣೆ ಮಾಡುತ್ತಿದ್ದರು.

ಸುಧಾ ಬಾಗಿಲಲ್ಲೇ ನಿಂತಳು. "ಇಷ್ಟು ಜನರ ಮುಂದೇನಾ?"

ನನ್ನ ಬಳಿ ಬೇರೆ ದಾರಿಯಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು. ಮೂಲೆಯ ಸೋಫಾದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿ, ಬ್ಯಾಗಿನಿಂದ ಮಾಸ್ಕ್ ತೆಗೆದಳು. ನಾಲ್ಕು ವರ್ಷದಿಂದ ಸ್ವಂತ ತಂಗಿಗೂ ತೋರಿಸದ ಮಾಸ್ಕ್. "ಪ್ಲಗ್ ಹತ್ರಾನೇ ಕೂತಿರಿ. ಅಲ್ಲಾಡ್ಬೇಡಿ" ಎಂದಳು.

ಕೂತೆ. ಅಲ್ಲಿಯ ಪ್ಲಗ್ಗಿಗೂ ನಮ್ಮ ಹಾಗೇ ಸ್ವಿಚ್ಚಿದೆ. ಯಾರಾದರೂ ಅಭ್ಯಾಸಬಲದಿಂದ ತಟ್ಟಿದರೆ ಮುಗಿಯಿತು. ಒಬ್ಬ ಫೋನ್ ಚಾರ್ಜರ್ ಹಿಡಿದು ಬಂದ, ನನ್ನ ಮುಖ ನೋಡಿ ಹಿಂದಕ್ಕೆ ಹೋದ. ಕೀತ್ ಬಂದು, ಟಿವಿಯ ಸದ್ದು ಕಡಿಮೆ ಮಾಡಿ, ಚಿತ್ರದ ಮುಂದೆ ಕೂತ. ಯಾರೂ ಈ ಕಡೆ ನೋಡುತ್ತಿರಲಿಲ್ಲ. ನೋಡದಿರಲು ಅವರು ಪಡುತ್ತಿದ್ದ ಶ್ರಮ ಎದ್ದು ಕಾಣುತ್ತಿತ್ತು.

ನಿದ್ದೆಯಲ್ಲಿ ಸುಧಾ ಈ ಕಡೆ ಹೊರಳಿದಳು. ಮೂರು ವರ್ಷದ ಒಂದು ಮಗು ಚಿತ್ರದ ಮೇಜಿನ ಬಳಿಯಿಂದ ಓಡಿ ಬಂದು, ಮಾಸ್ಕನ್ನೂ ಕೊಳವೆಯನ್ನೂ ನೋಡಿ, ಇಡೀ ಹಾಲಿಗೆ ಕೇಳುವಂತೆ ಖುಷಿಯಿಂದ "ಎಲಿಫೆಂಟ್" ಎಂದಿತು. ತಾಯಿ ಎತ್ತಿಕೊಂಡು ಹೊರಗೆ ಹೋದಳು. ಸುಧಾಳ ಕಣ್ಣು ತೆರೆಯಲಿಲ್ಲ. ಆದರೆ ಅವಳ ಕೈ ಮೆಲ್ಲಗೆ ಶಾಲನ್ನು ಮೇಲೆಳೆದು ಮುಖದ ಮೇಲೆ ಹಾಕಿಕೊಂಡಿತು. ನಾನು ಗೋಡೆಯ ಬಿರುಕು ನೋಡಿದೆ. ಎಡಕ್ಕೆ ಹೊರಳಿ ಕಿಟಕಿಯವರೆಗೆ.

ಮಧ್ಯಾಹ್ನ ಮಾರ್ಗಿಗೆ ವಿಷಯ ತಿಳಿದು ಓಡಿಬಂದಳು. ನೆನ್ನೆಯೇ ಹೇಳಬಾರದಿತ್ತೆ, ರಾತ್ರಿ ಹಾಲಿನ ಕೀಲಿ ನಿಮಗೇ ಕೊಡುತ್ತಿದ್ದೆ, ಯಾರೂ ಇರುತ್ತಿರಲಿಲ್ಲ ಎಂದಳು. ಗಿಣಿ, ಮಳೆ, ಸ್ಪ್ರಿಂಗು, ಟೇಪು, ಹದಿನಾಲ್ಕು ಅಂಶ, ಎಲ್ಲ ಯೋಚಿಸಿದ್ದ ನನಗೆ ಒಂದು ಕೀಲಿ ಕೇಳಬಹುದೆಂದು ಹೊಳೆದಿರಲಿಲ್ಲ. ಆ ರಾತ್ರಿಗೆ ಕೀಲಿ ಕೊಟ್ಟಳು. ಆಗುವುದೆಲ್ಲ ಆಗಿತ್ತು.

ಸಂಜೆ ಸಮುದ್ರದ ದಂಡೆಗೆ ಹೋದೆವು. ನದಿ ಬೆಟ್ಟದಿಂದ ಎಳೆದು ತಂದ ಮರದ ಕೊರಡುಗಳು ದಂಡೆಯ ಉದ್ದಕ್ಕೂ ಬಿದ್ದಿದ್ದವು. ನಾನು ಕ್ಷಮಾಪಣೆಯನ್ನು ಮೂರನೇ ಸಲ ಶುರು ಮಾಡಿದಾಗ ಸುಧಾ ಕೈ ಅಡ್ಡ ಹಿಡಿದಳು.

"ಆ ಮಗು ಆನೆ ಅಂದ್ತಲ್ಲ, ಅದೊಂದೇ ನಿಜ ಹೇಳಿದ್ದು. ನೀವು ನಾಲ್ಕು ವರ್ಷದಿಂದ ಕೆಟ್ಟದಾಗೇನೂ ಕಾಣಲ್ಲ, ಏನೂ ಕಾಣಲ್ಲ ಅಂತಿದ್ರಿ."

ನಗುತ್ತಾ ಹೇಳಿದ್ದರೆ ತಡೆದುಕೊಳ್ಳಬಹುದಿತ್ತು. ಒಂದು ಕೊರಡಿನ ಮೇಲೆ ಕೂತು, "ಮನೆಗೆ ಹೋಗೋಣ" ಎಂದಳು.

ರಜೆ ಮುಗಿದ ದಿನ ಲಾರಿ ಬಂದು ಗಾಡಿಯನ್ನು ಎತ್ತಿಕೊಂಡು ಹೋಯಿತು. ನಾವು ಬೆಟ್ಟ ದಾಟುವ ರೈಲಿನಲ್ಲಿ ಕ್ರೈಸ್ಟ್‌ಚರ್ಚಿಗೆ ವಾಪಸಾದೆವು. ಜಗತ್ತಿನ ಅತ್ಯಂತ ಸುಂದರ ರೈಲುದಾರಿಗಳಲ್ಲಿ ಒಂದಂತೆ. ಸುಧಾ ಪೂರ್ತಿ ನಿದ್ದೆ ಮಾಡಿದಳು, ಮಾಸ್ಕ್ ಇಲ್ಲದೆ, ಬೆಚ್ಚಿ ಬೆಚ್ಚಿ. ನಾನು ಅವಳನ್ನು ನೋಡುತ್ತಾ ಕೂತಿದ್ದೆ. ಆದ್ದರಿಂದ ಬೆಟ್ಟದ ಬಗ್ಗೆ ಬರೆಯಲಾರೆ.

ಮತ್ತೆ ತ್ಯಾಗರಾಜನಗರ

ಬಂದು ಐದು ತಿಂಗಳಾಯಿತು. ಚಂದ್ರಣ್ಣ ಬಂದು ಯುಪಿಎಸ್ ಬ್ಯಾಟರಿಯನ್ನು ಒಂದು ಮರದ ಸ್ಟೂಲಿನ ಮೇಲೆ ಎತ್ತಿಟ್ಟು ಹೋದರು. ಬ್ಯಾಟರಿಯಿಂದ ಬಚ್ಚಲು ಹತ್ತು ಹೆಜ್ಜೆ ದೂರ, ಆದರೂ. ಇತ್ತೀಚೆಗೆ ನಮ್ಮ ಬಕೆಟ್ಟುಗಳೆಲ್ಲ ಬಳಸಿದ ಕೂಡಲೇ ಬೋರಲು ಬೀಳುತ್ತವೆ. ಯಾರು ಹಾಗೆ ಇಡುತ್ತಾರೆಂದು ನಾನು ಕೇಳಿಲ್ಲ. ಮಷೀನಿನ ಪ್ರಯಾಣದ ಚೀಲ ಅಟ್ಟದ ಮೇಲೆ, ಹಳೆಯ ಸೂಟ್‌ಕೇಸಿನ ಹಿಂದಿದೆ.

ಮೊನ್ನೆ ಮೈಸೂರಿನಿಂದ ನಾದಿನಿ ಫೋನ್ ಮಾಡಿ, ಮಗಳ ಮನೆ ಗೃಹಪ್ರವೇಶ, ಹಿಂದಿನ ದಿನವೇ ಬಂದು ಉಳಿದುಕೊಳ್ಳಬೇಕು, ಬೇರೆ ರೂಮು, ಇನ್ವರ್ಟರ್ ಎಲ್ಲ ಇದೆ ಎಂದಳು. "ಬೆಳಿಗ್ಗೆ ಬಂದು ಸಂಜೆ ಹೊರಡ್ತೀವಿ ಕಣೆ" ಎಂದಳು ಸುಧಾ. ಮೊದಲು ಹೀಗೆ ಹೇಳುವಾಗ ಏನಾದರೊಂದು ನೆಪ ಹೇಳುತ್ತಿದ್ದಳು. ಈ ಸಲ ನೆಪವೂ ಹೇಳಲಿಲ್ಲ.

ಅವಳಿಗೆ ನನ್ನ ಮೇಲೆ ಕೋಪವಿಲ್ಲ. ಕಾಫಿ ಕೊಡುತ್ತಾಳೆ, ಗಿಣಿಯ ಕಥೆಯನ್ನು ಪಕ್ಕದ ಮನೆಯವರಿಗೆ ಸೊಗಸಾಗಿ ಹೇಳುತ್ತಾಳೆ, ಬಕೆಟ್ಟಿನ ಕಥೆ ಹೇಳುವುದಿಲ್ಲ. ಆದರೆ ಮಲಗುವ ಮುಂಚೆ "ಇದೆಯಾ?" ಎಂದು ಕೇಳುವುದನ್ನು ಬಿಟ್ಟಿದ್ದಾಳೆ. ತಾನೇ ಎದ್ದು, ಬರಿಗಾಲಿನಲ್ಲಿ ಪಡಸಾಲೆ ದಾಟಿ, ಸ್ಟೂಲಿನ ಮುಂದೆ ಬಗ್ಗಿ ಹಸಿರು ದೀಪ ನೋಡುತ್ತಾಳೆ. ಅವಳು ಕೇಳದಿದ್ದರೂ ನಾನು ಹಾಸಿಗೆಯಿಂದಲೇ "ಇದೆ" ಅನ್ನುತ್ತೇನೆ. ಅಷ್ಟರಲ್ಲಿ ಅವಳು ನೋಡಿಕೊಂಡು ಬಂದಿರುತ್ತಾಳೆ.